ಕಿವಿಯ ಹಿಂದೆ ಹಚ್ಚಿದ ಜೇನು

ಮೂವತ್ತು ವರ್ಷ ನಾನು ಕಾಡಿನ ಹಾಡಿಯವಳು ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಮನೆಯವರು ನಗುತ್ತಿದ್ದರು, ಯಾಕೆಂದರೆ ನಾವು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ಅಜ್ಜ ಎತ್ತಿನ ಗಾಡಿಯಲ್ಲಿ ರಾಗಿ ಬೀಜ, ಬೀಸುವ ಕಲ್ಲು ಹೇರಿಕೊಂಡು ಬಂದ ಕಥೆಯನ್ನು ಅಜ್ಜಿ ಎಷ್ಟು ಸಲ ಹೇಳಿದ್ದಳೆಂದರೆ, ಎಡಗಡೆಯ ಎತ್ತು ಕುಂಟುತ್ತಿತ್ತು ಎನ್ನುವುದೂ ನನಗೆ ಗೊತ್ತು. ಒಂದು ಜೇನುಹುಳ ಒಳಗೆ ಬಂದರೆ ಮನೆಮಂದಿಯೆಲ್ಲ ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಳ್ಳುವ ವಂಶ ನಮ್ಮದು.

ಇಪ್ಪತ್ನಾಲ್ಕನೇ ವಯಸ್ಸಿಗೆ ನನಗೆ ಟೀಚರ್ ಕೆಲಸ ಸಿಕ್ಕಿದ್ದು ದುಬಾರೆ ಕಡೆಯ ಕಾಡಂಚಿನಲ್ಲಿ, ಜೇನುಕುರುಬರ ಒಂದು ಹಾಡಿಯ ಪಕ್ಕದ ಶಾಲೆಯಲ್ಲಿ. ಇಪ್ಪತ್ತು ಇಪ್ಪತ್ತೈದು ಗುಡಿಸಲಿದ್ದ ಕಾಡುಜನರ ಕೇರಿ ಅದು. ಅಲ್ಲಿಗೆ ಹಾಕಿದ ಟೀಚರುಗಳೆಲ್ಲ ಆರು ತಿಂಗಳಲ್ಲಿ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ನಾನು ಹೋಗಲಿಲ್ಲ. ತ್ಯಾಗಗೀಗ ಏನೂ ಅಲ್ಲ, ನನಗೆ ಅಲ್ಲಿ ಹಿಡಿಸಿತು. ಮನೆಯಲ್ಲಿ ನಾನು ಬಾಯಿ ತೆಗೆದರೆ "ಶುರುವಾಯ್ತು ಇವಳ್ದು" ಎನ್ನುತ್ತಿದ್ದರು. ಹಾಡಿಯಲ್ಲಿ ಮಾತಾಡದೆ ಕೂತರೂ ಸರಿದು ಜಾಗ ಕೊಡುತ್ತಿದ್ದರು. ದೊಡ್ಡವರು ಚಿಕ್ಕವರು ಎನ್ನದೆ ಎಲ್ಲರೂ ನನ್ನನ್ನು "ನೀನು" ಎನ್ನುತ್ತಿದ್ದರು. ಮೊದಲ ವಾರ ಕೋಪ ಬಂತು. ಎರಡನೇ ತಿಂಗಳು ಯಾರೋ ಇನ್‌ಸ್ಪೆಕ್ಟರು ಬಂದು "ನೀವು" ಎಂದಾಗ ಹೊರಗಿನವಳಾದ ಹಾಗೆ ಅನಿಸಿತು.

ಮಕ್ಕಳು ಹೇಳಿದ್ದನ್ನೆಲ್ಲ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ಗೆಡ್ಡೆಯನ್ನು ಎಷ್ಟು ಹೊತ್ತು ಬೇಯಿಸಬೇಕು, ಹೊಗೆ ಹಾಕಲು ಯಾವ ಸೊಪ್ಪು, ಸತ್ತವರ ಹೆಸರನ್ನು ಯಾವಾಗ ಹೇಳಬಾರದು. ಪಾಠ ನಾನು ಹೇಳುತ್ತಿದ್ದೆನೋ ಅವರು ಹೇಳುತ್ತಿದ್ದರೋ ಅನುಮಾನ.

ಅವರಲ್ಲಿ ಒಬ್ಬಳು ಹನ್ನೆರಡು ವರ್ಷದ ಹುಡುಗಿ ಇದ್ದಳು. ಗಣಿತದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ನಾನು ಅಲ್ಲಿಗೆ ಹೋದ ಏಳನೇ ವರ್ಷದ ಬೇಸಿಗೆ ರಜೆಯಲ್ಲಿ, ಮಳೆ ಹಿಡಿಯುವ ಮುಂಚೆ ಜೇನು ಇಳಿಸುವ ದಿನಗಳಲ್ಲಿ, ಅವಳು ನನ್ನನ್ನು ಕೇಳಿದಳು.

"ಟೀಚ್ರೆ, ನೀನು ನಮ್ಮೋಳಾಯ್ತೀಯ?"

"ಹೆಂಗೆ ಆಗೋದು?" ಎಂದೆ. ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದೆ ಎಂದರೆ ಈಗ ನಾಚಿಕೆಯಾಗುತ್ತದೆ.

ಮಕ್ಕಳು ಒಂದು ದೊಡ್ಡ ಮರದ ಕೆಳಗೆ ಕರೆದುಕೊಂಡು ಹೋದರು. ಎರಡು ಕಿವಿಯ ಹಿಂದೆಯೂ ಜೇನು ಹಚ್ಚಿದರು. ಮರದ ಸುತ್ತ ಹಿಂದೆ ಹಿಂದೆ ನಡೆಯುತ್ತ ಮೂರು ಸುತ್ತು ಬರಬೇಕು, ಸುತ್ತಿಗೊಮ್ಮೆ ಹೆತ್ತವ್ವನ ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಆಮೇಲೆ ಜೇನು ನಿನ್ನನ್ನು ಗುರುತು ಹಿಡಿಯುತ್ತದೆ, ಕಚ್ಚುವುದಿಲ್ಲ, ನೀನು ನಮ್ಮವಳು ಎಂದರು. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಸುತ್ತಿದೆ. ಬೇರು ಎಡವಿ ಎರಡು ಸಲ ಬಿದ್ದೆ. ಮಕ್ಕಳು ಒಬ್ಬರೂ ನಗಲಿಲ್ಲ. ಮೂರನೇ ಸುತ್ತಿಗೆ ಅವ್ವನ ಹೆಸರು ಕೂಗುವಾಗ ನನಗೆ ಅಳು ಬಂತು. ಆ ಹುಡುಗಿ ಬಂದು ನನ್ನ ಕೈ ಹಿಡಿದುಕೊಂಡಳು. ಅಷ್ಟು ಸುಖವಾದ ಅಳು ನನಗೆ ಮತ್ತೆ ಬಂದಿಲ್ಲ.

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ, ಎರಡು ಪುಟ ತುಂಬ. ಆಮೇಲೆ ಬೇರೆ ಶಾಲೆಗಳಿಗೆ ಹೋದೆ, ಬಂದೆ, ರಿಟೈರ್ ಆದೆ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಾಡಿನ ಕಡೆಯಿಂದ ಹೊಗೆ ಎದ್ದರೆ "ನಮ್ಮವರು ಎದ್ದರು" ಎಂದುಕೊಳ್ಳುತ್ತಿದ್ದೆ. ಆಸೆಗೆ ಮಿತಿ ಇರಬೇಕು. ನನ್ನ ಆಸೆಗೆ ಇರಲಿಲ್ಲ.

ಎರಡು ವರ್ಷದ ಹಿಂದೆ ನಮ್ಮ ಊರಿನಲ್ಲಿ ಒಂದು ಸಂಘ ಹುಟ್ಟಿಕೊಂಡಿತು. ನಮ್ಮ ಹಾಗೇ ಹೊರಗಿನಿಂದ ಬಂದ ಮನೆಗಳವರೇ ಸೇರಿ ಕಟ್ಟಿದ್ದು. ನಮ್ಮ ಪೂರ್ವಿಕರು ಮೂಲದಲ್ಲಿ ಇದೇ ಕಾಡಿನ ಕುರುಬರು, ಯಾವುದೋ ರಾಜನ ಕಾಲದಲ್ಲಿ ಹಾಸನಕ್ಕೆ ಹೋಗಿ ಮತ್ತೆ ಮರಳಿದವರು, ಹಾಗಾಗಿ ನಮಗೂ ಬುಡಕಟ್ಟಿನ ಸರ್ಟಿಫಿಕೇಟು ಕೊಡಬೇಕು ಎಂದು ಸರ್ಕಾರಕ್ಕೆ ಅರ್ಜಿ ಹಾಕಿದರು. ಅರ್ಜಿ ಕಳಿಸಿದ ವಾರದಲ್ಲೇ, ಬುಡಕಟ್ಟಿನವರು ಎಂದು ಅಚ್ಚು ಹಾಕಿ ಫೋಟೊ ಅಂಟಿಸಿದ ಕಾರ್ಡನ್ನು ಸಂಘದಿಂದಲೇ ಹಂಚಿದರು. ಕೂಸು ಹುಟ್ಟುವ ಮುಂಚೆಯೇ ಕುಲಾವಿ. ಸಂಘದಲ್ಲಿ ಎಲ್ಲರಿಗಿಂತ ಹುರುಪು ನನ್ನ ತಮ್ಮನಿಗೆ. ಅವನ ಮನೆಯ ಮುಂದಿನ ಕೋಣೆಯಲ್ಲೇ ನನ್ನ ವಾಸ.

"ಅಕ್ಕ, ನಿನ್ ನೋಟ್‌ಬುಕ್ ಕೊಡು. ವಿಚಾರಣೆಗೆ ಬಂದಾಗ ಆಚಾರ ವಿಚಾರ ಕೇಳ್ತಾರಂತೆ" ಎಂದ.

"ಆಚಾರ ನಮ್ದಾದ್ರೆ ನೋಟ್‌ಬುಕ್ ಯಾಕ್ಲಾ ಬೇಕು?"

"ಮರ್ತೋಗಿದೆ ಅಕ್ಕ, ಅಷ್ಟೆ. ನೆನಪು ಮಾಡ್ಕೊಳ್ಳಕ್ಕೆ." ಮತ್ತೆ ಸೇರಿಸಿದ, "ನಿಂಗೂ ಕಾರ್ಡ್ ಮಾಡಿಸ್ತೀನಿ. ನೀನು ಅವ್ರೋಳ್ ಥರಾನೇ ಅಲ್ವಾ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಬಾಯಲ್ಲಿ ಆ ಮಾತು ಕೇಳಿದ್ದು. ಅವನ ಅಜ್ಜನೇ ನನ್ನ ಅಜ್ಜ, ಆ ಕುಂಟು ಎತ್ತು ಇಬ್ಬರಿಗೂ ಸೇರಿದ್ದು, ಎಲ್ಲ ಗೊತ್ತಿತ್ತು. ಆದರೂ ಬೀರು ತೆಗೆದು ನೋಟ್‌ಬುಕ್ ಕೊಟ್ಟೆ. ಕಾರ್ಡಿನ ಫೋಟೊಗೆ ಒಳ್ಳೆ ಸೀರೆ ಉಟ್ಟೆ. ಅವರೆಲ್ಲ ಸುಳ್ಳು, ನಾನು ಮಾತ್ರ ನಿಜ ಎಂದು ನನಗೆ ನಾನೇ ಹೇಳಿಕೊಂಡೆ. ಮರದ ಸುತ್ತ ಬಂದವಳು ನಾನಲ್ಲವೇ?

ವಿಚಾರಣೆಗೆ ಒಂದು ವಾರ ಇರುವಾಗ ಆ ಹುಡುಗಿ ಮನೆಗೆ ಬಂದಳು. ಹುಡುಗಿ ಎಂದರೆ ಈಗ ನಲವತ್ತು ದಾಟಿದ ಹೆಂಗಸು. ಎಸ್ಟೇಟಿನಲ್ಲಿ ಕಾಫಿ ಹಣ್ಣು ಪಿಕ್ಕಿಂಗ್ ಮಾಡುತ್ತಾಳೆ, ಹಾಡಿಯ ಪರವಾಗಿ ನಾಲ್ಕು ಜನರ ಮುಂದೆ ಮಾತಾಡುವವಳೂ ಅವಳೇ. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೀಟಿಗೆ ಕಾಯುತ್ತಿದ್ದಳು. ಒಳಗೆ ಬಾ ಎಂದರೂ ಬರದೆ ಜಗಲಿಯಲ್ಲೇ ಕೂತಳು.

"ಟೀಚ್ರೆ, ಇವ್ರೆಲ್ಲ ನಮ್ ಸಾಲಲ್ಲಿ ನಿಂತ್ರೆ ನನ್ ಮಗ್ಳು ಎಲ್ಲಿ ನಿಲ್ತಾಳೆ? ಇವ್ರ ಮಕ್ಳು ಟ್ಯೂಷನ್‌ಗೆ ಹೋಗಿ ಓದಿರೋವು. ನೀನು ಬಂದು ಹೇಳು. ನಿನ್ ಮಾತು ಕೇಳ್ತಾರೆ."

"ನೋಡಣ" ಎಂದೆ.

ನೋಡಣ! ಅವಳು ಹೋದ ಮೇಲೆ ಆ ಮಾತನ್ನು ನೆನೆದು ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನಿಸಿತು. ಅವಳ ಮಗಳ ಸೀಟು ಒಂದು ಕಡೆ, ನನ್ನ ಹೆಸರಿರುವ ಒಂದು ಕಾರ್ಡು ಇನ್ನೊಂದು ಕಡೆ. ನಾನು ಯಾವುದನ್ನು ಕೈಬಿಡಬೇಕು ಎಂದು ಯೋಚಿಸುತ್ತ ಕೂತಿದ್ದೆ. ಯೋಚಿಸಿದ್ದೇ ತಪ್ಪು ಎಂದು ಆಗ ಹೊಳೆಯಲಿಲ್ಲ.

ವಿಚಾರಣೆ ಊರಿನ ಸಮುದಾಯ ಭವನದಲ್ಲಿ ನಡೆಯಿತು. ಮಡಿಕೇರಿಯಿಂದ ಬಂದ ಅಧಿಕಾರಿ ಮೇಜಿನ ಹಿಂದೆ, ಸಂಘದವರು ಮುಂದಿನ ಕುರ್ಚಿಗಳಲ್ಲಿ, ಹಾಡಿಯ ಏಳೆಂಟು ಜನ ಗೋಡೆ ಬದಿಯಲ್ಲಿ. ನಾನು ಕೊನೆಯ ಸಾಲಿನಲ್ಲಿ ಕಂಬದ ಮರೆಯಲ್ಲಿ ಕೂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಯಾರೂ ಏನೂ ಕೇಳದಿದ್ದರೂ ನಾನು ಕಾರ್ಡಿದ್ದ ಬ್ಯಾಗನ್ನು ಎದೆಗೆ ಒತ್ತಿಕೊಂಡಿದ್ದೆ.

ಅಧಿಕಾರಿ ಮೊದಲು ಹಾಡಿಯ ಒಬ್ಬ ಮುದುಕನನ್ನು ಕೇಳಿದರು, ನಿಮ್ಮ ಪದ್ಧತಿಗಳೇನು ಎಂದು.

"ಅದ್ನೆಲ್ಲ ನಿಂಗ್ಯಾಕೆ ಹೇಳ್ಬೇಕು?" ಎಂದ ಮುದುಕ. ಮತ್ತೆ ಕೇಳಿದರೆ ಕಿಟಕಿಯ ಕಡೆ ತಿರುಗಿಕೊಂಡ.

ಸಂಘದವರು ಹಾಗಲ್ಲ. ಒಬ್ಬೊಬ್ಬರೇ ಎದ್ದು ಗೆಡ್ಡೆ ಬೇಯಿಸುವುದು, ಹೊಗೆ ಹಾಕುವುದು, ಸತ್ತವರ ಹೆಸರು ಹೇಳದಿರುವುದು ಎಲ್ಲವನ್ನೂ ಒಪ್ಪಿಸಿದರು. ನನ್ನ ವಾಕ್ಯಗಳೇ. ಪೇಪರ್ ನಾನು ತಿದ್ದಿದ್ದರೆ ನೂರಕ್ಕೆ ನೂರು ಕೊಡಬೇಕಿತ್ತು. ಅಧಿಕಾರಿ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದರು. ಗೋಡೆ ಬದಿಯಲ್ಲಿದ್ದ ಆ ಹೆಂಗಸು ನನ್ನ ಕಡೆ ನೋಡಿದಳು. ನಾನು ಕಂಬ ನೋಡಿದೆ.

ಕೊನೆಗೆ ನನ್ನ ತಮ್ಮ ಎದ್ದ. ಹೊರಗಿನವರನ್ನು ಕುಲಕ್ಕೆ ಸೇರಿಸಿಕೊಳ್ಳುವ ಸಂಸ್ಕಾರ ಒಂದಿದೆ ಸ್ವಾಮಿ, ನಮ್ಮ ಹಿರಿಯರು ತಪ್ಪದೆ ಮಾಡುತ್ತಿದ್ದರು ಎಂದು ಶುರು ಮಾಡಿದ. ಕಿವಿಯ ಹಿಂದೆ ಜೇನು ಹಚ್ಚಬೇಕು ಎಂದ. ಅವ್ವನ ಹೆಸರು ಕೂಗಬೇಕು ಎಂದ. ಬರೀ ಬಾಯಲ್ಲಿ ಹೇಳಿದ್ದರೆ ಸಾಕಿತ್ತು, ಹುಮ್ಮಸ್ಸಿನಲ್ಲಿ ಹಿಂದೆ ಹಿಂದೆ ನಡೆದು ತೋರಿಸಲು ಹೋಗಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕೆಡವಿದ.

ಆ ಹೆಂಗಸು ನಗತೊಡಗಿದಳು. ಮೊದಲು ಸೆರಗು ಬಾಯಿಗೆ ಒತ್ತಿ, ಆಮೇಲೆ ತಡೆಯಲಾರದೆ ಗೋಡೆಗೆ ಒರಗಿ. ಪಕ್ಕದಲ್ಲಿದ್ದ ಇನ್ನಿಬ್ಬರು, ಅವರೂ ನನ್ನ ಹಳೆಯ ವಿದ್ಯಾರ್ಥಿಗಳೇ, ಹೊಟ್ಟೆ ಹಿಡಿದುಕೊಂಡರು.

"ಯಾಕಮ್ಮಾ?" ಎಂದರು ಅಧಿಕಾರಿ.

"ಅದು ಶಾಸ್ತ್ರ ಅಲ್ಲ ಸಾರ್. ನಾವು ಚಿಕ್ಕೋರಿದ್ದಾಗ ಟೀಚ್ರನ್ನ ಆಟ ಆಡ್ಸಿದ್ದು. ಆ ಮರದಲ್ಲಿ ಜೇನೂ ಇರ್ಲಿಲ್ಲ."

"ಯಾವ ಟೀಚರ್?"

ಅವಳ ನಗು ನಿಂತುಹೋಯಿತು. ನಾನು ಎಲ್ಲಿ ಕೂತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು, ಆದರೂ ಈ ಕಡೆ ತಿರುಗಲಿಲ್ಲ. "ಇದ್ರು ಯಾರೋ. ಹೋಗ್ಬಿಟ್ರು" ಎಂದಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದನಂತೆ, ಆ ಗಾದೆಯ ಬೆಪ್ಪ ನಾನೇ. ಮೂವತ್ತು ವರ್ಷ ನನ್ನ ಎದೆಯಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದ ಒಂದೇ ಒಂದು ಸಂಗತಿ ಆ ಸಭೆಯ ನಡುವೆ ನಗೆಪಾಟಲಾಗಿ ಬಿದ್ದಿತ್ತು. ಓಡಿಹೋಗಬೇಕು ಅನಿಸಿತು. ಆದರೆ ನನ್ನನ್ನು ತೋರಿಸಿಕೊಡದೆ ಅವಳು ಆಡಿದ ಸುಳ್ಳು ನನ್ನ ಕಾಲನ್ನು ಹಿಡಿದುಬಿಟ್ಟಿತು.

ಎದ್ದು ನಿಂತೆ. "ಆ ಟೀಚರ್ ನಾನೇ ಸಾರ್. ಇವ್ರು ಹೇಳಿದ್ದೆಲ್ಲ ನನ್ನ ನೋಟ್‌ಬುಕ್ಕಲ್ಲಿ ಬರ್ದಿರೋದು. ನಾವು ಹಾಸನದೋರು. ನಮ್ಮಜ್ಜ ಗಾಡಿ ಕಟ್ಕೊಂಡು ಬಂದೋರು. ನಾನೂ ಹಾಡಿಯೋಳಲ್ಲ, ನನ್ ತಮ್ಮಾನೂ ಅಲ್ಲ" ಎಂದೆ. ತಮ್ಮ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಅದರ ಮೇಲೆ ಕೂತ, ನನ್ನ ಮುಖ ನೋಡಲಿಲ್ಲ. ಆಮೇಲೆ ಎರಡು ತಿಂಗಳು ನನ್ನೊಂದಿಗೆ ಮಾತೂ ಆಡಲಿಲ್ಲ. ಅವನ ಹೆಂಡತಿ ಊಟದ ತಟ್ಟೆಯನ್ನು ನನ್ನ ಬಾಗಿಲ ಬಳಿ ಇಟ್ಟು ಹೋಗುತ್ತಿದ್ದಳು. ಸಂಘದ ಫೈಲು ಮೇಲಕ್ಕೆ ಹೋಗಿದೆ ಎನ್ನುತ್ತಾರೆ, ತೀರ್ಮಾನ ಇನ್ನೂ ಬಂದಿಲ್ಲ.

ಹಾಡಿಗೆ ಹೋಗಲು ನನಗೆ ಹದಿನೈದು ದಿನ ಹಿಡಿಯಿತು. ಮೊದಲೆಲ್ಲ ಹೇಳದೆ ಕೇಳದೆ ಒಳಗೆ ನುಗ್ಗುತ್ತಿದ್ದವಳು ಅಂದು ಮನೆಯ ಹೊರಗೆ ನಿಂತು ಕೂಗಿದೆ. ಅವಳು ಬಂದು ಚಾಪೆ ಹಾಸಿದಳು. ಕಪ್ಪು ಕಾಫಿ ಕೊಟ್ಟಳು.

"ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?" ಎಂದೆ.

"ಅವತ್ತೇ ಹೇಳಣಾಂತ ಇದ್ವಿ ಟೀಚ್ರೆ. ಮೂರು ಸುತ್ತು ಆದ್ಮೇಲೆ ಎಲ್ರೂ ಒಟ್ಟಿಗೆ ನಗಣ ಅಂತ ಮಾತಾಗಿತ್ತು. ನೀನು ಅಳಕ್ಕೆ ಶುರು ಮಾಡ್ಬಿಟ್ಟೆ. ಆಮೇಲೆ ಹೆಂಗೆ ಹೇಳದು? ನಮ್ಮವ್ವಂಗೆ ಗೊತ್ತಾಗಿ ಹೊಡೆದ್ಲು. ಪಾಪ, ಅವ್ಳಿಗೆ ಹೇಳ್ಬೇಡಿ ಅಂತ ಎಲ್ರಿಗೂ ಹೇಳಿದ್ಲು."

ಇಡೀ ಹಾಡಿಗೆ ಗೊತ್ತಿತ್ತು. ಮೂವತ್ತು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನನ್ನ ಮನೆಯಲ್ಲಿ ನನ್ನ ಯಾವ ಹುಚ್ಚನ್ನೂ ಇಷ್ಟು ಜೋಪಾನ ಮಾಡಿದವರಿಲ್ಲ.

ಆದರೂ ಕೇಳಿಯೇಬಿಟ್ಟೆ. ಕೇಳದೆ ಮನೆಗೆ ಹೋಗಿದ್ದರೆ ಸತ್ತರೂ ಸಮಾಧಾನವಿರುತ್ತಿರಲಿಲ್ಲ. "ನಿಜವಾಗ್ಲೂ ಸೇರಿಸ್ಕೊಳ್ಳೋದು ಹೆಂಗೆ?"

ಅವಳು ಈ ಸಲ ನಗಲಿಲ್ಲ. "ಅದು ಇಲ್ಲ ಟೀಚ್ರೆ. ನಾವು ಕಾಡಿಂದ ಹೊರಗೆ ಬಂದಾಗ ನಮ್ಮನ್ನ ಯಾರೂ ಯಾವ್ದಕ್ಕೂ ಸೇರಿಸ್ಕೊಳ್ಳಲಿಲ್ಲ. ಇರದು ಇದೊಂದೇ. ಇದ್ರಲ್ಲಿ ಹುಟ್ಟಿರ್ಬೇಕು, ಇದ್ರಲ್ಲಿ ಪಟ್ಟಿರ್ಬೇಕು."

ನಾನು ಅವಳ ವಾದಕ್ಕೆ ತಲೆಬಾಗಿದೆ. ಮನಸ್ಸು ಬಾಗಲಿಲ್ಲ, ಇಂದಿಗೂ ಬಾಗಿಲ್ಲ. ಯಾರೂ ಸೇರಿಸಿಕೊಳ್ಳಲಾರದ ಜಾಗಕ್ಕೆ ಸೇರಬೇಕೆನ್ನುವ ಈ ಹಂಬಲ ಅಜ್ಜನ ಗಾಡಿಯಲ್ಲೇ ಬಂದಿತೋ, ನನ್ನಲ್ಲೇ ಹುಟ್ಟಿತೋ ಗೊತ್ತಿಲ್ಲ. ಅದು ಇದೆ, ಅಷ್ಟೆ.

ಹೊರಡುವಾಗ ಅವಳು ಒಳಗೆ ಹೋಗಿ ಮಗಳನ್ನು ಕರೆದಳು. ಆ ಹುಡುಗಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಅರ್ಜಿಯನ್ನು ತಂದು ನನ್ನ ಮುಂದೆ ಇಟ್ಟಳು. ನರ್ಸಿಂಗ್ ಸೀಟಿನದು. ಬುಡಕಟ್ಟಿನವಳು ಹೌದು ಎಂದು ಸಾಕ್ಷಿ ಹೇಳಲು ಒಬ್ಬರು ಬೇಕಿತ್ತು. ಹಾಡಿಯ ಯಾರು ಸಹಿ ಹಾಕಿದರೂ ನಡೆಯುವುದಿಲ್ಲವಂತೆ, ಎಲ್ಲರೂ ಒಂದಲ್ಲ ಒಂದು ರೀತಿ ನೆಂಟರು.

"ನೀನಾದ್ರೆ ಆಯ್ತದೆ" ಎಂದಳು ತಾಯಿ.

ಕನ್ನಡಕ ಹಾಕಿಕೊಂಡು ಓದಿದೆ. ನನ್ನ ಹೆಸರು ಬರೆದೆ, ನಿವೃತ್ತ ಶಿಕ್ಷಕಿ ಎಂದು ಬರೆದೆ, ಇವಳ ತಾಯಿಯನ್ನು ಬಾಲ್ಯದಿಂದ ಬಲ್ಲೆ ಎಂದು ಬರೆದೆ. ಅದರ ಕೆಳಗೆ ಇನ್ನೊಂದು ಕಾಲಂ ಇತ್ತು, ಅರ್ಜಿದಾರರಿಗೂ ಸಾಕ್ಷಿಗೂ ಇರುವ ಸಂಬಂಧ. ತಾಯಿ ಮಗಳು ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು. ಯಾವ ಸಂಬಂಧವೂ ಇಲ್ಲ ಎಂದು, ಓದುವವರಿಗೆ ತಪ್ಪಾಗದ ಹಾಗೆ ದುಂಡಗೆ ಬರೆದು ಸಹಿ ಹಾಕಿದೆ.