ಎಡ ನಳಿಗೆಯ ತುಕ್ಕು

ತುಕ್ಕಿನ ವಿಷಯದಲ್ಲಿ ನನ್ನ ಹತ್ತಿರ ಯಾರೂ ವಾದಕ್ಕೆ ಬರಬಾರದು. ಸೊಸೆಯಾಗಿ ಬಂದ ಮನೆಯಲ್ಲಿ ನಾನು ಹೆಸರು ತೆಗೆದದ್ದು ಅಡುಗೆಯಿಂದಲ್ಲ, ಮಾವನ ಕೋವಿಯಿಂದ.

ಕೊಡಗು ಇನ್ನೂ ತನ್ನದೇ ಪುಟ್ಟ ರಾಜ್ಯವಾಗಿದ್ದ ಕಾಲ. ಮಾದಾಪುರದಿಂದ ಒಳಗೆ, ಕಾಫಿ ತೋಟಗಳ ನಡುವೆ ನಮ್ಮ ಮನೆ. ಆ ಮಳೆಗಾಲದಲ್ಲಿ ಮಾವ ಹಾಸಿಗೆ ಹಿಡಿದರು. ಡಾಕ್ಟರು ಬಂದು ಎದೆ ಮುಟ್ಟಿ, ತಲೆ ಅಲ್ಲಾಡಿಸಿ ಹೋದರು. ಮಾವನಿಗೆ ಎದೆಯ ಚಿಂತೆ ಇರಲಿಲ್ಲ, ಗೋಡೆಯ ಮೇಲಿದ್ದ ಜೋಡುನಳಿಗೆ ಕೋವಿಯ ಚಿಂತೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ, ಸಾವಾದರೆ ಬೆನ್ನುಬೆನ್ನಿಗೆ ಎರಡು. ಗುಡ್ಡಕ್ಕೊಂದು ಮನೆ ಇರುವ ಕಡೆ ಸುದ್ದಿ ಮುಟ್ಟುವುದು ಹಾಗೆ. ಕೋವಿಯ ಬಲ ನಳಿಗೆ ಸರಿಯಾಗಿತ್ತು. ಎಡದ್ದನ್ನು ಬೆಳಕಿಗೆ ಹಿಡಿದರೆ ಇಲಿಬಿಲದೊಳಗೆ ಇಣುಕಿದ ಹಾಗಿತ್ತು, ಅಷ್ಟು ತುಕ್ಕು.

"ಎರಡೂ ಹಾರೊಕು," ಎನ್ನುತ್ತಿದ್ದರು ಮಾವ. "ಒಂದೇ ಹಾರಿರೆ ಊರವು ತೊಟ್ಟಿಲು ಹೊತ್ಕಂಡ್ ಬಂದವೆ."

ಪಕ್ಕದ ಮನೆಯ ಕೋವಿ ತಂದರಾಯಿತು ಎಂದರು ನನ್ನ ಗಂಡ. ಮಾವ ಗೋಡೆಯ ಕಡೆ ಹೊರಳಿದರು. ಆಯುಷ್ಯವೆಲ್ಲ ಹೆಗಲ ಮೇಲೆ ಹೊತ್ತ ಕೋವಿಯನ್ನು ಬಿಟ್ಟು ಎರವಲು ಗುಂಡಿನಲ್ಲಿ ಹೋಗಲು ಅವರಿಗೆ ಮನಸ್ಸಿರಲಿಲ್ಲ. ತುಕ್ಕು ನಾನು ತೆಗೆಯುತ್ತೇನೆ ಎಂದೆ. ಗಂಡ ನಕ್ಕರು. ನಗುವವರ ಮುಂದೆ ಹಲ್ಲು ಕಡಿಯುವುದಕ್ಕಿಂತ ಕೆಲಸ ಶುರುಮಾಡುವುದು ಮೇಲು.

ಜೋಡಿ ನಳಿಗೆಯನ್ನು ಹಿಡಿಯಿಂದ ಬಿಚ್ಚಿ, ಎಡದ್ದರ ಒಂದು ಬಾಯಿಗೆ ಮರದ ಬಿರಡೆ ಹೊಡೆದು, ಸಂದಿಗೆ ಜೇನುಮೇಣ ಮೆತ್ತಿದೆ. ಹಂದಿಕರಿಗೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಅದನ್ನು ಬಿಸಿನೀರಲ್ಲಿ ತೆಳ್ಳಗೆ ಮಾಡಿ ಒಳಗೆ ತುಂಬಿದೆ. ಬಲಿತ ಹಂದಿಯ ಮಾಂಸವನ್ನೇ ಮೆತ್ತಗೆ ಮಾಡುವ ಹುಳಿಗೆ ತುಕ್ಕು ಯಾವ ಲೆಕ್ಕ? ಆದರೆ ಮರೆತು ಕೂರಬಾರದು. ತುಕ್ಕು ತಿಂದು ಮುಗಿದ ಮೇಲೆ ಹುಳಿ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ಮಧ್ಯಾಹ್ನದೊಳಗೆ ಸುರಿದು, ಬೂದಿನೀರಲ್ಲಿ ತೊಳೆದು, ಬಿದಿರುಕಡ್ಡಿಗೆ ತೆಂಗಿನ ನಾರು ಸುತ್ತಿ ಉಜ್ಜಿದೆ. ಕೆಂಪು ಕೆಸರು ಬಂತು. ಕುದಿನೀರು ಹೊಯ್ದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಮರುದಿನ ಮತ್ತೆ ಅದೇ. ಕೊನೆಗೆ ಒಳಗೆ ಬೆಳಕು ಹರಿಯಿತು. ಮತ್ತೆ ತುಕ್ಕು ಹಿಡಿಯದಂತೆ ಕೊಬ್ಬು ಸವರುವ ಕೆಲಸವನ್ನಾದರೂ ಮಾಡಲಿ ಎಂದು ಗಂಡನಿಗೆ ಬಿಟ್ಟೆ.

ವಾರದೊಳಗೆ ನಳಿಗೆ ಮತ್ತೆ ಕೆಂಪಾಯಿತು! ಎಲ್ಲ ನಿನ್ನ ಹುಳಿಯ ಪ್ರತಾಪ ಎಂದರು ಗಂಡ. ನನಗೆ ಮೈಯೆಲ್ಲ ಉರಿಯಿತು. ನಳಿಗೆಯೊಳಗೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು. ಮಹರಾಯರು ಮಳೆಗಾಲಕ್ಕೆಂದು ಉಪ್ಪು ಹಾಕಿಟ್ಟ ಹಂದಿಮಾಂಸದ ಭರಣಿಯಿಂದ ಕೊಬ್ಬು ತೆಗೆದು ಬಳಿದಿದ್ದರು.

"ಕೋವಿನ ಉಪ್ಪಿನಕಾಯಿ ಹಾಕಿಕೆ ಹೊರಟಿರಾ?" ಎಂದು ನಾನು ಕೂಗಿದ್ದು ಮಾವನಿಗೂ ಕೇಳಿಸಿತು. ಅವರು ಕೆಮ್ಮುವ ತನಕ ನಕ್ಕರು.

ಎಲ್ಲ ಮೊದಲಿನಿಂದ ಮಾಡಿದೆ. ಈ ಸಲ ಉಪ್ಪು ಸೋಕದ ಕೊಬ್ಬನ್ನು ನಾನೇ ಕಾಯಿಸಿ, ಸೋಸಿ, ನಾನೇ ಸವರಿದೆ. ನಳಿಗೆ ಬಣ್ಣಗೆಡಲಿಲ್ಲ.

ಇನ್ನು ಹಾರಿಸಿ ನೋಡಬೇಕಲ್ಲ? ಅಲ್ಲಿ ಎಲ್ಲರೂ ಸಿಕ್ಕಿಬಿದ್ದೆವು. ಒಂದು ಹಾರಿಸಿದರೆ ನಮ್ಮ ಮನೆಯಲ್ಲಿ ಗಂಡು ಹುಟ್ಟಿತೆಂದು ಸುದ್ದಿ, ಎರಡು ಹಾರಿಸಿದರೆ ಮಾವ ಹೋದರೆಂದು. ಮಾವನೇ ತೀರ್ಪು ಕೊಟ್ಟರು.

"ಎರಡೂ ಹಾರ್ಸಿ. ನನ್ನ ಗುಂಡ್‌ನ ಸದ್ದ್ ನಾನೇ ಕೇಳೊಕು."

ಕಂಬಳಿ ಹೊದಿಸಿ ಜಗಲಿಯಲ್ಲಿ ಒರಗಿಸಿದೆವು. ಹಳೇ ನಳಿಗೆಯನ್ನು ನಂಬಿ ಹೆಗಲಿಗೆ ಕೊಡುವಷ್ಟು ದಡ್ಡರಲ್ಲ ನಾವು. ಕೋವಿಯನ್ನು ಮರದ ಬುಡಕ್ಕೆ ಬಿಗಿದು, ಬಾಯಿ ಖಾಲಿ ಗುಡ್ಡದ ಕಡೆ ಮಾಡಿ, ಬೆರಳಲ್ಲಿ ಎಳೆಯುವ ಎರಡು ಕುದುರೆಗಳಿಗೂ ಒಂದೊಂದು ಹಗ್ಗ ಕಟ್ಟಿ, ಗಂಡ ದೂರದಿಂದ ಎಳೆದರು. ಬಲದ್ದು ಹಾರಿತು. ಎಡದ್ದೂ ಹಾರಿತು. ನೋಡಿದಿರಾ ಎಂದು ಗಂಡನ ಕಡೆ ಒಂದು ನೋಟ ಬೀರಿದೆ.

ಗದ್ದೆಬದುವಿನ ಮೇಲೆ ಜನ ಬಂದರು. ಕೆಲವರು ಆಗಲೇ ಬಿಳಿ ಬಟ್ಟೆ ಉಟ್ಟಿದ್ದರು. ಹೆಣ ಜಗಲಿಯಲ್ಲಿ ಕೂತು ಕಾಫಿ ಕುಡಿಯುವುದನ್ನು ಕಂಡು ಬೈದರು, ನಕ್ಕರು, ತಾವೂ ಕುಡಿದರು. ಒಬ್ಬ ಮುದುಕರು ಮಾವನ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು.

ಎಲ್ಲರೂ ಹೋದ ಮೇಲೆ ಮಾವ ಕೋವಿ ತರಿಸಿಕೊಂಡು, ಮಡಚಿ, ಎಡ ನಳಿಗೆಯನ್ನು ಆಕಾಶಕ್ಕೆ ಹಿಡಿದು ನೋಡಿದರು. ತುಂಬಾ ಹೊತ್ತು ನೋಡಿದರು.

"ಇನ್ನ್ ನಾನ್ ಹೋದರೂ ಆದು," ಎಂದರು ನೆಮ್ಮದಿಯಾಗಿ.

ಅಷ್ಟು ದಿನ ಗೆಲ್ಲುವ ಹಠದಲ್ಲಿದ್ದ ನನಗೆ ಆಗ ದುಃಖ ಒತ್ತರಿಸಿ ಬಂತು. ಜೊತೆಗೆ ಸಿಟ್ಟು. "ನಾ ಇಷ್ಟ್ ಉಜ್ಜಿದ್ ನೀವು ಹೋಗೊಕು ಅಂತನಾ ಮಾವ?" ಎಂದು ಜೋರಾಗಿಯೇ ಕೇಳಿದೆ.

ಅವರು ಕೋವಿಯನ್ನು ನನ್ನ ಮಡಿಲಿಗೆ ಇಟ್ಟರು. "ಹಂಗಾರೆ ಪುನಃ ತುಕ್ಕು ಹಿಡಿಲಿ ಬುಡು."

ಗುಂಡು ಹಾರಿಸಿದ ನಳಿಗೆಯನ್ನು ಅಂದೇ ತೊಳೆದು ಕೊಬ್ಬು ಸವರಬೇಕು. ನಾನು ಸವರಲಿಲ್ಲ. ಹಾಗೇ ಒಯ್ದು ಗೋಡೆಗೆ ನೇತುಹಾಕಿದೆ.