ದೆವ್ವದ ಮಾತು ಬಲ್ಲ ಪ್ಯಾರಿಬಿ

ಆಗ ಕರಜಗಿಯ ಡೇರೆ ಟಾಕೀಸಿಗೆ ಬರುತ್ತಿದ್ದ ದೆವ್ವಗಳೆಲ್ಲ ಹಿಂದಿಯವು. ಮನೆಯಲ್ಲಿ ಉರ್ದು ಆಡುತ್ತಿದ್ದ ಪ್ಯಾರಿಬಿಗೆ ಅವುಗಳ ಮಾತು ತಿಳಿಯುತ್ತಿತ್ತು. ಹೆಂಗಸರ ಸಾಲಿಗೆಲ್ಲ ಅವಳೇ ಕನ್ನಡದಲ್ಲಿ ಹೇಳಬೇಕು. ರಕ್ತ ಹೀರುವ ದೆವ್ವ ಕೋರೆಹಲ್ಲು ತೋರಿಸಿ ಬರೀ ಗುರ್ ಎಂದರೂ ಗೆಳತಿ ಮಲ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಏನಂತದಬೇ?" ಎಂದು ತಿವಿಯುತ್ತಿದ್ದಳು.

"ಹಸಿವಾಗ್ಯಾದಂತ" ಎಂದು ಪ್ಯಾರಿಬಿ ಬಾಯಿಗೆ ಬಂದದ್ದು ಹೇಳುತ್ತಿದ್ದಳು.

ಈಗ ಡೇರೆಯಿಲ್ಲ. ಮೊನ್ನೆ ಮಧ್ಯಾಹ್ನ ಮಲ್ಕಮ್ಮನ ಮನೆಯ ಟಿವಿಯಲ್ಲಿ ಹೊಸ ಕಾಲದ ದೆವ್ವವೊಂದು ಅಚ್ಚ ಕನ್ನಡದಲ್ಲೇ ತನ್ನ ಕಷ್ಟ ತೋಡಿಕೊಂಡು ಅಳುತ್ತಿತ್ತು. ಪ್ಯಾರಿಬಿಗೆ ಸಿಟ್ಟು ಬಂತು.

"ಇದೆಂಥ ದೆವ್ವಬೇ? ನಮ್ಮ ಕಾಲದ್ದು ಕಂಡ್ರ ಎದಿ ಧಸಕ್ಕ ಅಂತಿತ್ತು. ಇದಕ್ಕ ಚಾ ಕುಡಿಸಿ ಸಮಾಧಾನ ಮಾಡಬೇಕು ಅನಸ್ತದ."

"ಆದ್ರ ಹಲ್ಲು ಖರೇ ಇದ್ದಂಗ ಅವ ನೋಡು" ಎಂದಳು ಮಲ್ಕಮ್ಮ. "ಆಗಿನ್ವು ಮುಲ್ಲಂಗಿ ಕಡದು ಹಚ್ಚಿದಂಗ ಇರ್ತಿದ್ವು."

ಅಷ್ಟರಲ್ಲಿ ದೆವ್ವ ಅಳು ನಿಲ್ಲಿಸಿ, ಟಿವಿಯ ತುಂಬ ಹಲ್ಲು ತೋರಿಸಿ ಗುರ್ ಎಂದಿತು. ಮಲ್ಕಮ್ಮ ತನಗರಿವಿಲ್ಲದೆಯೇ ಗೆಳತಿಯ ತೋಳು ಹಿಡಿದಳು.

"ಪ್ಯಾರಿ, ಏನಂತದಬೇ?"

"ಮಲ್ಕಿ, ನಿನ್ನ ಹಲ್ಲೆಲ್ಲಿ ಹೋದ್ವು ಅಂತ ಕೇಳಾಕತ್ತದ."

ಮಲ್ಕಮ್ಮ ಅಂದಿನಂತೆಯೇ ಸೆರಗಿನಿಂದ ಬೊಚ್ಚುಬಾಯಿ ಮುಚ್ಚಿಕೊಂಡಳು.