ಹೆಬ್ಬಗೋಡಿಯಲ್ಲಿ ಏಪ್ರಿಕಾಟ್

ಒಂದು ಅಂಗಿ ಬಟ್ಟೆ ಆರಿಸುವುದಕ್ಕೆ ಅಂಗಡಿಯವನಿಂದ ಇಡೀ ಬೀರು ಖಾಲಿ ಮಾಡಿಸುವವನು ನಾನು. ಇಂಥವನ ಕೈಗೆ ತೋಟದ ಸಸಿ ಆರಿಸುವ ಕೆಲಸ ಸಿಕ್ಕರೆ ಏನಾಗುತ್ತದೆಂದು ನೀವೇ ಊಹಿಸಿ.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ ತಣಿಸಿ ಹದ ಮಾಡುವ ವಿಭಾಗದಲ್ಲಿದ್ದೆ. ಹೆಂಡತಿ ಜಯಮ್ಮನ ತವರು ಹೆಬ್ಬಗೋಡಿ. ಅರಿಶಿನ ಕುಂಕುಮಕ್ಕೆಂದು ಅವಳ ತಂದೆ ಅಲ್ಲೊಂದು ತುಂಡು ಜಮೀನು ಕೊಟ್ಟಿದ್ದರು. ಮಗಳಿಗೆ ಹೀಗೆ ಕೊಟ್ಟ ನೆಲದ ಮೇಲೆ ತವರಿನವರ ಕಣ್ಣು ಇದ್ದೇ ಇರುತ್ತದೆ. ಕಿತ್ತುಕೊಳ್ಳುವುದಕ್ಕಲ್ಲ, ಅಳಿಯ ಅದನ್ನೇನು ಮಾಡುತ್ತಾನೆಂದು ನೋಡುವುದಕ್ಕೆ. ಅಲ್ಲಿ ಬೆಳೆದದ್ದನ್ನು ಒಂದು ಸಲವಾದರೂ ಬುಟ್ಟಿ ತುಂಬಿ ತವರಿನ ಅಂಗಳದಲ್ಲಿ ಇಳಿಸಬೇಕೆಂದು ಜಯಮ್ಮನ ಆಸೆ. ಪಾಳು ಬಿದ್ದ ಆ ನೆಲದ ಪಕ್ಕದಲ್ಲೇ ಹಾದು ತಮ್ಮನ ಮನೆಗೆ ಊಟಕ್ಕೆ ಹೋಗುವಾಗ ಪಾಪ, ಅವಳು ತಲೆ ತಗ್ಗಿಸುತ್ತಿದ್ದಳು.

ಮಾವು, ಸೀಬೆ ಎಲ್ಲರ ಹೊಲದಲ್ಲೂ ಇದ್ದವು. ಅದಕ್ಕೇ ನಾನು ಏಪ್ರಿಕಾಟ್ ಹಾಕುತ್ತೇನೆಂದೆ. ಸಹೋದ್ಯೋಗಿಯೊಬ್ಬ ಸಿಮ್ಲಾದಿಂದ ತಂದಿದ್ದ ಹಣ್ಣು ತಿಂದು ಮರುಳಾಗಿದ್ದೆ. ಅಲ್ಲಿಂದ ಜಾತಿಗಳ ವಿಚಾರ ಶುರುವಾಯಿತು. ಒಂದು ಬೇಗ ಹಣ್ಣಾಗುತ್ತದೆ, ಆದರೆ ಹುಳಿ. ಇನ್ನೊಂದರ ಬೀಜದ ತಿರುಳೂ ಸಿಹಿ, ಆದರೆ ಹಣ್ಣು ಸಣ್ಣದು. ಮತ್ತೊಂದಕ್ಕೆ ಪಕ್ಕದಲ್ಲಿ ಬೇರೆ ಜಾತಿಯ ಜೊತೆಯಿಲ್ಲದಿದ್ದರೆ ಕಾಯಿಯೇ ಕಚ್ಚುವುದಿಲ್ಲ. ಮಗಳಿಗೆ ಗಂಡು ನೋಡುವವರೂ ಇಷ್ಟು ಗುಣದೋಷ ಎಣಿಸಲಾರರು. ಈ ಹಣ್ಣು ಚೀನಾ ಕಡೆಯಿಂದ ಹೊರಟು, ಪರ್ಷಿಯಾ ದಾಟಿ, ಜರ್ದಾಳು ಎಂಬ ಹೆಸರು ಹೊತ್ತು ನಮ್ಮ ಒಣಹಣ್ಣಿನ ಅಂಗಡಿಗೆ ಬಂದ ಕಥೆಯನ್ನೆಲ್ಲ ಜಯಮ್ಮನಿಗೆ ಹೇಳಿದೆ. ಅಷ್ಟು ದೂರ ಬಂದದ್ದು ಹೆಬ್ಬಗೋಡಿಗೆ ಬರಲಾರದೇ ಎಂಬುದು ನನ್ನ ವಾದ. ಈ ವಾದದಲ್ಲೇ ಒಂದು ಮಳೆಗಾಲ ಕಳೆಯಿತು. ಕಡೆಗೆ ಯಾವುದನ್ನೂ ಬಿಡಲಾರದೆ ಮೂರು ಜಾತಿಯನ್ನೂ ತರಿಸಿದೆ.

ಸಸಿಗಳು ಮರವಾದವು. ಸೊಂಪಾದ ಎಲೆ, ಒಂದು ಹೂವಿಲ್ಲ. ವಿಚಾರಿಸಿದರೆ, ಅದಕ್ಕೆ ಬೆಟ್ಟದ ಸೀಮೆಯ ಕೊರೆಯುವ ಚಳಿಯೇ ಬೇಕಂತೆ. ಬೇರೆಯವರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರು. ನಮ್ಮ ವಿಭಾಗದವರು ಎಲ್ಲ ತೊಂದರೆಗೂ ಎರಡೇ ಮದ್ದು ಬಲ್ಲರು: ಕಾಯಿಸು, ಇಲ್ಲವೇ ತಣಿಸು. ಆ ಚಳಿಗಾಲದ ಭಾನುವಾರಗಳಲ್ಲಿ ನಾನು ಮಾರ್ಕೆಟ್ಟಿನಲ್ಲಿ ಮಂಜುಗಡ್ಡೆ ಕೊಂಡು, ಹೊಟ್ಟು ತುಂಬಿದ ಗೋಣಿಯಲ್ಲಿ ಸುತ್ತಿ, ಹೊಸೂರು ರಸ್ತೆಯ ಬಸ್ಸು ಹತ್ತತೊಡಗಿದೆ. ಬಸ್ಸಿನ ತುಂಬ ನೀರು ಹರಿದು ಜನ ಕಾಲೆತ್ತಿ ಕೂರುತ್ತಿದ್ದರು. ಇಳಿಯುವ ಹೊತ್ತಿಗೆ ಉಳಿಯುತ್ತಿದ್ದದ್ದು ತೆಂಗಿನಕಾಯಿ ಗಾತ್ರದ ಗಡ್ಡೆ. ಅದನ್ನೇ ಭಕ್ತಿಯಿಂದ ಬುಡಕ್ಕಿಡುತ್ತಿದ್ದೆ. ಮರಕ್ಕೇನೂ ಆಗಲಿಲ್ಲ, ನನಗೆ ನೆಗಡಿಯಾಯಿತು.

ಮುಂದಿನ ಮಳೆ ಬಿದ್ದಾಗ ಜಯಮ್ಮ ಆ ಬುಡಗಳಲ್ಲಿ ಚಪ್ಪರದವರೆ ಬೀಜ ಊರಿದಳು. "ಸುಮ್ನೆ ನಿಂತವೆ, ಒಂದ್ ಕೆಲ್ಸ ಮಾಡ್ಲಿ" ಎಂದಳಷ್ಟೆ. ಬಳ್ಳಿ ಹಬ್ಬಿತು, ನೇರಳೆ ಹೂ ಬಿಟ್ಟಿತು, ಗೊಂಚಲು ಗೊಂಚಲಾಗಿ ಕಾಯಿ ಇಳಿಬಿತ್ತು. ಮರವೆಲ್ಲಿ, ಬಳ್ಳಿಯೆಲ್ಲಿ ಗೊತ್ತಾಗದಂತೆ ಮುಚ್ಚಿಹೋಯಿತು. ಮಾಗಿಯಲ್ಲಿ ಜಯಮ್ಮ ಬುಟ್ಟಿ ಹೊತ್ತು ತವರಿನ ಕಡೆ ನಡೆದಳು, ತಲೆ ಎತ್ತಿಕೊಂಡು. ಇನ್ನೊಂದು ಬುಟ್ಟಿ ಹೊತ್ತು ನಾನು ಹಿಂದಿದ್ದೆ.

ಮಾರನೆಯ ವಾರ ಅವಳ ತಮ್ಮ ನಂಜಪ್ಪ ತಾನಾಗಿಯೇ ನಮ್ಮ ಹೊಲಕ್ಕೆ ಬಂದ. ಬಳ್ಳಿ ಸರಿಸಿ, ಕಾಂಡ ತಟ್ಟಿ, ಬಹಳ ಹೊತ್ತು ನೋಡಿದ.

"ಭಾವ, ಈ ಮರ ಯಾವ ಜಾತೀದು? ನಮ್ ಚಪ್ಪರದ ಕಂಬಕ್ಕೆಲ್ಲ ಗೆದ್ಲು ಇಡ್ದೈತೆ. ನಂಗೂ ಒಂದೀಟು ಸಸಿ ತರಿಸ್ಕೊಡಿ."

"ಅವ್ರು ಬೋ ಯೋಚ್ನೆ ಮಾಡಿ ಆರ್ಸಿದ್ದು ಕಣೋ" ಎಂದಳು ಜಯಮ್ಮ, ನಗದೆ.

ನನಗಾದ ಸಂತೋಷ ಅಷ್ಟಿಷ್ಟಲ್ಲ. ಗಂಟಲು ಸರಿಮಾಡಿಕೊಂಡು, ಮೂರು ಜಾತಿಯಲ್ಲಿ ಚಪ್ಪರಕ್ಕೆ ಯಾವುದು ಉತ್ತಮವೆಂದು ವಿವರವಾಗಿ ಹೇಳಿದೆ. ಹಣ್ಣಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.